ಚೌಕಟ್ಟು ಬೇರೆ, ಅದರೊಳಗಿನ ಚಿತ್ರ ಬೇರೆ

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ. ಹೊಯ್ಸಳರ ದೇವಾಲಯಗಳ ಬಗ್ಗೆ ಪವರ್‌ಪಾಯಿಂಟ್‌ನಲ್ಲಿ ಸ್ಲೈಡ್ ಮಾಡುತ್ತಿದ್ದೇನೆ. ಬೇಲೂರು, ಹಳೇಬೀಡು, ಸೋಮನಾಥಪುರಕ್ಕೆ ಶಾಲೆಯಿಂದ ಪ್ರವಾಸ ಹೋದಾಗ ಮೊಬೈಲ್‌ನಲ್ಲಿ ತೆಗೆದ ಫೋಟೊಗಳೇ ಜಾಸ್ತಿ. ಸ್ಲೈಡ್‌ಗೆ ಹಾಕಿದರೆ ಮದನಿಕೆಯರ ಶಿಲ್ಪಗಳು ದಪ್ಪಗೆ ಕಾಣುತ್ತವೆ. ಮೂರು ದೇವಾಲಯಗಳನ್ನು ಪಕ್ಕಪಕ್ಕ ಇಟ್ಟರೆ ಒಂದೂ ಸಾಲಾಗಿ ಕೂರುವುದಿಲ್ಲ. ಪ್ರೊಜೆಕ್ಟರ್‌ನಲ್ಲಿ ಕೆತ್ತನೆ ಬರೀ ಕಪ್ಪಗೆ ಕಾಣುತ್ತದೆ. ಫೈಲ್ 90 ಎಂಬಿ ದಾಟಿದೆ, ಇಮೇಲ್‌ನಲ್ಲಿ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ಮೇಡಂ, ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರರ ಬೇರು ಒಂದೇ. ಸ್ಲೈಡ್‌ಗೆ ಒಂದು ಫೋಟೊ ಹಾಕಿದಾಗ ಅಲ್ಲಿ ಎರಡು ವಸ್ತುಗಳು ಬಂದು ಕೂರುತ್ತವೆ. ಒಂದು ಚೌಕಟ್ಟು, ಇನ್ನೊಂದು ಅದರೊಳಗಿನ ಚಿತ್ರ. ಗೋಡೆಯ ಕಿಟಕಿ ಮತ್ತು ಅದರಾಚೆಗಿನ ಬಯಲು ಇದ್ದ ಹಾಗೆ ಅಂದುಕೊಳ್ಳಿ. ಕಿಟಕಿ ಚಿಕ್ಕದಾದರೆ ಬಯಲು ಚಿಕ್ಕದಾಗುವುದಿಲ್ಲ, ಕಾಣುವ ಭಾಗ ಕಡಿಮೆಯಾಗುತ್ತದೆ ಅಷ್ಟೆ. ಪವರ್‌ಪಾಯಿಂಟ್‌ನಲ್ಲಿ ಕೆಲವು ಕೆಲಸಗಳು ಎರಡನ್ನೂ ಒಟ್ಟಿಗೆ ಎಳೆಯುತ್ತವೆ, ಕೆಲವು ಚೌಕಟ್ಟನ್ನು ಮಾತ್ರ ಮುಟ್ಟುತ್ತವೆ. ಯಾವುದು ಯಾವುದನ್ನು ಮುಟ್ಟುತ್ತದೆ ಅಂತ ತಿಳಿದರೆ ಕೈ ಸರಾಗವಾಗಿ ಓಡುತ್ತದೆ.

ಮದನಿಕೆಯರಿಂದಲೇ ಶುರು ಮಾಡೋಣ. ಅವರು ದಪ್ಪಗಾಗಿದ್ದು ಬದಿಯ ಹಿಡಿಯಿಂದ. ಫೋಟೊ ಮೇಲೆ ಕ್ಲಿಕ್ ಮಾಡಿದಾಗ ಸುತ್ತ ಎಂಟು ಚುಕ್ಕಿಗಳು ಬರುತ್ತವಲ್ಲ, ಅದರಲ್ಲಿ ಮೂಲೆಯ ನಾಲ್ಕು ಚುಕ್ಕಿಗಳು ಉದ್ದ, ಅಗಲ ಎರಡನ್ನೂ ಒಂದೇ ಲೆಕ್ಕದಲ್ಲಿ ಬದಲಿಸುತ್ತವೆ. ಬದಿಯ ನಾಲ್ಕು ಚುಕ್ಕಿಗಳನ್ನು ಎಳೆದರೆ ಒಂದೇ ದಿಕ್ಕಿಗೆ ಹಿಗ್ಗುತ್ತದೆ. ಮೊಬೈಲ್ ನೆಟ್ಟಗೆ ಹಿಡಿದು ತೆಗೆದ ಉದ್ದನೆಯ ಫೋಟೊವನ್ನು ಅಡ್ಡ ಸ್ಲೈಡ್ ತುಂಬಲಿ ಅಂತ ಬದಿಯಿಂದ ಎಳೆದಿರುತ್ತೀರಿ. ಶಿಲ್ಪಿ ಅಷ್ಟೊಂದು ಸೂಕ್ಷ್ಮವಾಗಿ ಕೂರಿಸಿದ ಸೊಂಟದ ಬಾಗು ಅಲ್ಲಿಗೇ ಹೋಯಿತು. ಶಿಲ್ಪ ತೋರಿಸುವ ಪಾಠದಲ್ಲಿ ಇದು ದೊಡ್ಡ ತಪ್ಪು. ಅಳತೆಯ ಚೆಲುವೇ ಅಲ್ಲಿ ಪಾಠ, ಅಲ್ವಾ?

ಈಗಾಗಲೇ ಕೆಟ್ಟಿರುವುದನ್ನು ಕಣ್ಣಳತೆಯಲ್ಲಿ ಸರಿಮಾಡಲು ಹೋಗಬೇಡಿ. ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ, 'ಸೈಜ್ ಅಂಡ್ ಪೊಸಿಷನ್' ತೆರೆಯಿರಿ. ಅಲ್ಲಿ ಸ್ಕೇಲ್ ಹೈಟ್, ಸ್ಕೇಲ್ ವಿಡ್ತ್ ಅಂತ ಎರಡು ಶೇಕಡಾ ಅಂಕಿಗಳಿರುತ್ತವೆ. ಎರಡೂ ಒಂದೇ ಇದ್ದರೆ ಫೋಟೊ ಸರಿಯಾಗಿದೆ. ಒಂದು 40, ಇನ್ನೊಂದು 55 ಇದ್ದರೆ ಹಿಗ್ಗಿದೆ ಅಂತ ಅರ್ಥ. 'ಲಾಕ್ ಆಸ್ಪೆಕ್ಟ್ ರೇಶಿಯೊ' ಟಿಕ್ ತೆಗೆದು, ಎರಡಕ್ಕೂ ಒಂದೇ ಅಂಕಿ ಕೊಟ್ಟು, ಟಿಕ್ ವಾಪಸ್ ಹಾಕಿ. ತೀರಾ ಗೊಂದಲವಾಗಿದ್ದರೆ ಮೇಲಿನ 'ಪಿಕ್ಚರ್ ಫಾರ್ಮ್ಯಾಟ್' ಟ್ಯಾಬ್‌ನಲ್ಲಿ 'ರೀಸೆಟ್ ಪಿಕ್ಚರ್ ಅಂಡ್ ಸೈಜ್' ಒತ್ತಿ, ಮೊದಲಿಂದ ಶುರು ಮಾಡಿ.

ಹಾಗಾದರೆ ಉದ್ದನೆಯ ಫೋಟೊ ಅಡ್ಡ ಸ್ಲೈಡ್‌ನಲ್ಲಿ ಎಲ್ಲಿ ಕೂರಬೇಕು? ಈಗಿನ ಅಗಲದ ಸ್ಲೈಡ್ 33.87 ಸೆಂ.ಮೀ. ಅಗಲ, 19.05 ಸೆಂ.ಮೀ. ಎತ್ತರ ಇರುತ್ತದೆ. ಮೊಬೈಲ್ ಫೋಟೊ ಸಾಮಾನ್ಯವಾಗಿ 3ಕ್ಕೆ 4ರ ಲೆಕ್ಕದಲ್ಲಿರುತ್ತದೆ. ಮದನಿಕೆಯ ಫೋಟೊಗೆ ಸ್ಲೈಡ್‌ನ ಪೂರ್ತಿ ಎತ್ತರ ಕೊಟ್ಟರೆ ಅದರ ಅಗಲ 14.3 ಸೆಂ.ಮೀ. ಆಗುತ್ತದೆ. ಅದನ್ನು ಎಡ ಅಂಚಿಗೆ ಒತ್ತಿ ಇಡಿ. ಬಲಗಡೆ ಇನ್ನೂ 19 ಸೆಂ.ಮೀ.ಗೂ ಜಾಸ್ತಿ ಜಾಗ ಇದೆ. ಅಲ್ಲಿ ನಾಲ್ಕು ಸಾಲು ಮಾತು ಬರೆಯಿರಿ, ಇಲ್ಲವೇ ಖಾಲಿ ಬಿಡಿ. ಖಾಲಿ ಜಾಗ ಕಂಡರೆ ತುಂಬಲೇಬೇಕು ಅನ್ನಿಸುತ್ತದೆ, ಗೊತ್ತು. ತುಂಬಬೇಡಿ. ಹಿಂದಿನ ಬೆಂಚಿನ ಹುಡುಗನಿಗೆ ಒಂದು ದೊಡ್ಡ ಮದನಿಕೆ ಕಂಡರೆ ಸಾಕು, ಆರು ಚಿಕ್ಕವು ಬೇಡ.

ಇನ್ನು ಕ್ರಾಪ್, ಅಂದರೆ ಚೌಕಟ್ಟನ್ನು ಮಾತ್ರ ಚಿಕ್ಕದು ಮಾಡಿ ಬೇಡದ ಭಾಗ ಮರೆಮಾಡುವುದು. ನನ್ನ ಲೆಕ್ಕದಲ್ಲಿ ಫೋಟೊ ಸುಧಾರಿಸುವ ಕೆಲಸದಲ್ಲಿ ಮುಕ್ಕಾಲು ಪಾಲು ಕ್ರಾಪ್ ಒಂದೇ. ಮದನಿಕೆಯರು ಇರುವುದು ಸೂರಿನ ಕೆಳಗೆ, ಎತ್ತರದಲ್ಲಿ. ಕೆಳಗೆ ನಿಂತು ತೆಗೆದ ಫೋಟೊದಲ್ಲಿ ಅರ್ಧ ಆಕಾಶ, ಕಾಲು ಭಾಗ ಕಂಬ, ಮುಂದೆ ನಿಂತವರ ತಲೆಗಳು. ಅದನ್ನೆಲ್ಲ ಇಟ್ಟುಕೊಂಡು ಮಕ್ಕಳಿಗೆ 'ನೋಡಿ, ದರ್ಪಣ ಸುಂದರಿ' ಅಂದರೆ ಅವರು ಹುಡುಕಬೇಕಾಗುತ್ತದೆ. ಪಾಠದಲ್ಲಿ ಏನನ್ನು ತೋರಿಸುತ್ತೀರೋ ಅದರ ಸುತ್ತ ಸ್ವಲ್ಪವೇ ಉಸಿರಾಡುವ ಜಾಗ ಬಿಟ್ಟು, ಮಿಕ್ಕಿದ್ದನ್ನು ಕತ್ತರಿಸಿ.

ಎಷ್ಟು ಕತ್ತರಿಸಬಹುದು? 12 ಮೆಗಾಪಿಕ್ಸೆಲ್ ಫೋಟೊದಲ್ಲಿ 4000ಕ್ಕೆ 3000 ಪಿಕ್ಸೆಲ್ ಇರುತ್ತವೆ. ಉದ್ದ, ಅಗಲ ಎರಡನ್ನೂ ಅರ್ಧಕ್ಕೆ ಇಳಿಸಿದರೂ 2000ಕ್ಕೆ 1500 ಉಳಿಯುತ್ತದೆ. ಫುಲ್ ಎಚ್‌ಡಿ ಪರದೆಯ ಅಗಲವೇ 1920 ಪಿಕ್ಸೆಲ್. ಅಂದರೆ ಮುಕ್ಕಾಲು ಫೋಟೊ ಎಸೆದ ಮೇಲೂ ಪರದೆ ತುಂಬ ಚೊಕ್ಕವಾಗಿ ಕಾಣುತ್ತದೆ. ಆದರೆ ಇದು ಮೂಲ ಫೋಟೊಗೆ ಮಾತ್ರ ಹೊಂದುವ ಮಾತು. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಅದು ಚಿಕ್ಕದಾಗಿ ಬರುತ್ತದೆ, ಅದನ್ನು ಇನ್ನೂ ಕತ್ತರಿಸಿ ಹಿಗ್ಗಿಸಿದರೆ ಮಸುಕಾಗುತ್ತದೆ. ಜೊತೆಯ ಶಿಕ್ಷಕರ ಹತ್ತಿರ ಫೋಟೊ ಕೇಳುವಾಗ 'ಡಾಕ್ಯುಮೆಂಟ್ ಆಗಿ ಕಳಿಸಿ' ಅನ್ನಿ. ಆಗ ಮೂಲ ಫೈಲೇ ಬರುತ್ತದೆ.

ಈಗ ನಿಮ್ಮ ಮೂರು ದೇವಾಲಯಗಳ ಸ್ಲೈಡ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕಂದರೆ ನಿಮ್ಮ ಪಾಠದ ಜೀವ ಇರುವುದೇ ಇಲ್ಲಿ. ಮೊದಲು ಮೂರಕ್ಕೂ ಒಂದೇ ಆಕಾರದ ಚೌಕಟ್ಟು ಮಾಡಿ. ಫೋಟೊ ಆರಿಸಿ, ಕ್ರಾಪ್ ಬಟನ್ ಕೆಳಗಿನ ಬಾಣ ಒತ್ತಿ, 'ಆಸ್ಪೆಕ್ಟ್ ರೇಶಿಯೊ'ದಲ್ಲಿ 4:3 ಆರಿಸಿ. ಮೂರಕ್ಕೂ ಹೀಗೇ ಮಾಡಿ. ಆಮೇಲೆ ಮೂರನ್ನೂ ಒಟ್ಟಿಗೆ ಆರಿಸಿ ಅಗಲ 10 ಸೆಂ.ಮೀ. ಕೊಡಿ. ಎತ್ತರ ತಾನಾಗಿ 7.5 ಆಗುತ್ತದೆ. ಮೂರು ಫೋಟೊ ಸೇರಿ 30 ಸೆಂ.ಮೀ. ಉಳಿದದ್ದು 3.87. ಅದನ್ನು ನಾಲ್ಕು ಸಂದುಗಳಿಗೆ ಹಂಚಿದರೆ ಒಂದೊಂದಕ್ಕೂ ಒಂದು ಸೆಂ.ಮೀ.ಗೆ ತುಸು ಕಡಿಮೆ ಬರುತ್ತದೆ. ಎಡದ ಫೋಟೊ ಎಡ ಅಂಚಿನಿಂದ ಅಷ್ಟು ದೂರ, ಬಲದ್ದು ಬಲ ಅಂಚಿನಿಂದ ಅಷ್ಟು ದೂರ ಇರಲಿ. ನಡುವಿನದ್ದನ್ನು ಎಲ್ಲಾದರೂ ಇಡಿ. ಮೂರನ್ನೂ ಆರಿಸಿ 'ಅಲೈನ್' ಮೆನುವಿನಲ್ಲಿ 'ಅಲೈನ್ ಸೆಲೆಕ್ಟೆಡ್ ಆಬ್ಜೆಕ್ಟ್ಸ್' ಟಿಕ್ ಇದೆಯಾ ನೋಡಿ, ಮೊದಲು 'ಅಲೈನ್ ಟಾಪ್', ಆಮೇಲೆ 'ಡಿಸ್ಟ್ರಿಬ್ಯೂಟ್ ಹಾರಿಜಾಂಟಲಿ' ಒತ್ತಿ. ನಡುವಿನ ಫೋಟೊ ತಾನೇ ಸರಿದು ಮಧ್ಯಕ್ಕೆ ಬರುತ್ತದೆ. ನಿಮ್ಮ ಕಂಪ್ಯೂಟರ್ ಇಂಚು ತೋರಿಸುತ್ತಿದ್ದರೆ ಅಳತೆಯ ಪಕ್ಕ ಸೆಂ.ಮೀ. ಅಂತ ಇಂಗ್ಲಿಷ್‌ನಲ್ಲಿ (cm) ಸೇರಿಸಿ ಬರೆಯಿರಿ, ಅದೇ ಲೆಕ್ಕ ಹಾಕಿಕೊಳ್ಳುತ್ತದೆ.

ಇಷ್ಟಾದ ಮೇಲೂ ಸ್ಲೈಡ್ ಓರೆಯಾಗಿದೆ ಅನ್ನಿಸಬಹುದು. ಕಾರಣ ಇಷ್ಟೇ: ಅಲೈನ್ ಸಾಲುಮಾಡಿದ್ದು ಚೌಕಟ್ಟುಗಳನ್ನು. ಒಳಗಿನ ದೇವಾಲಯಗಳು ಇನ್ನೂ ಒಂದು ಮೇಲೆ, ಒಂದು ಕೆಳಗೆ ಇವೆ. ಕಣ್ಣು ನೋಡುವುದು ದೇವಾಲಯವನ್ನು. ಅದಕ್ಕೇ ಈಗ ಒಳಗಿನ ಚಿತ್ರವನ್ನು ಸರಿಸಬೇಕು. ಆಲ್ಟ್ ಜೊತೆ ಎಫ್9 ಒತ್ತಿದರೆ ಸ್ಲೈಡ್ ಮೇಲೆ ಗೈಡ್ ಗೆರೆಗಳು ಬರುತ್ತವೆ. ಅಡ್ಡ ಗೆರೆಯನ್ನು ಎಳೆದು, ಮೊದಲ ಫೋಟೊದಲ್ಲಿ ದೇವಾಲಯ ನಿಂತಿರುವ ಕಟ್ಟೆಯ, ಅಂದರೆ ಜಗತಿಯ, ಮೇಲಂಚಿಗೆ ತಂದು ನಿಲ್ಲಿಸಿ. ಎರಡನೆಯ ಫೋಟೊ ಆರಿಸಿ ಕ್ರಾಪ್ ಒತ್ತಿ. ಈಗ ಫೋಟೊದ ನಡುವೆ ಹಿಡಿದು ಎಳೆದರೆ ಚೌಕಟ್ಟು ಅಲ್ಲೇ ಇರುತ್ತದೆ, ಒಳಗಿನ ಚಿತ್ರ ಮಾತ್ರ ಸರಿಯುತ್ತದೆ. ಅದರ ಜಗತಿಯನ್ನೂ ಅದೇ ಗೆರೆಗೆ ತನ್ನಿ. ಮೂರನೆಯದಕ್ಕೂ ಹಾಗೇ. ಒಂದು ದೇವಾಲಯ ತೀರಾ ದೂರದಿಂದ ತೆಗೆದದ್ದಾದರೆ ಕ್ರಾಪ್‌ನಲ್ಲೇ ಚಿತ್ರದ ಮೂಲೆಯ ದುಂಡು ಚುಕ್ಕಿ ಎಳೆದು ಒಳಗಿನದನ್ನು ದೊಡ್ಡದು ಮಾಡಬಹುದು.

ಜಗತಿ ಒಂದೇ ಮಟ್ಟಕ್ಕೆ ಬಂದ ಕೂಡಲೇ ಮಕ್ಕಳ ಕಣ್ಣಿಗೆ ಒಂದು ಸಂಗತಿ ತಾನಾಗಿ ಬೀಳುತ್ತದೆ. ಸೋಮನಾಥಪುರದಲ್ಲಿ ಮೂರು ಶಿಖರಗಳಿವೆ. ಬೇಲೂರು, ಹಳೇಬೀಡಿನ ದೊಡ್ಡ ದೇವಾಲಯಗಳ ಮೇಲೆ ಇವತ್ತು ಶಿಖರವೇ ಇಲ್ಲ. ನೀವು ಬಾಯಿಬಿಡುವ ಮೊದಲೇ ಯಾರಾದರೂ 'ಮಿಸ್, ಇದಕ್ಕೆ ಯಾಕೆ ಗೋಪುರ ಇಲ್ಲ?' ಅಂತ ಕೇಳುತ್ತಾರೆ. ಈ ಪ್ರಶ್ನೆ ಹುಟ್ಟಬೇಕಾದರೆ ಫೋಟೊಗಳ ಮೇಲುಭಾಗವನ್ನು ಬಿಗಿಯಾಗಿ ಕತ್ತರಿಸಬಾರದು. ಮೂರರಲ್ಲೂ ಆಕಾಶ ಸ್ವಲ್ಪ ಇರಲಿ. ಒಂದು ಎಚ್ಚರಿಕೆ ಕೂಡ ಬೇಕು. ಹಳೇಬೀಡಿನದು ಜೋಡಿ ದೇವಾಲಯ, ಸೋಮನಾಥಪುರದ್ದಕ್ಕಿಂತ ಬಹಳ ದೊಡ್ಡದು. ಒಂದೇ ಅಳತೆಯ ಚೌಕಟ್ಟಿನಲ್ಲಿಟ್ಟರೆ ಎರಡೂ ಒಂದೇ ಗಾತ್ರ ಅಂತ ಮಕ್ಕಳು ನಂಬಿಬಿಡುತ್ತಾರೆ. ಅದಕ್ಕೆ ಫೋಟೊದಲ್ಲಿ ಗೋಡೆಯ ಹತ್ತಿರ ನಿಂತ ಒಬ್ಬರಾದರೂ ಉಳಿಯುವ ಹಾಗೆ ಕ್ರಾಪ್ ಮಾಡಿ. ಮನುಷ್ಯನ ಎತ್ತರ ಎಲ್ಲರಿಗೂ ಗೊತ್ತು.

ಹಳೇಬೀಡಿನ ಗೋಡೆಯ ಕೆಳಗಿನ ಪಟ್ಟಿಕೆಗಳಿಗೆ ಇನ್ನೊಂದು ಬಗೆ ಬೇಕು. ಅವು ಉದ್ದುದ್ದ ಓಡುವ ಸಾಲುಗಳು. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಹೀಗೆ ಮೇಲಕ್ಕೆ ಹೋಗುತ್ತದೆ. ಇದನ್ನು 4:3ಕ್ಕೆ ತುರುಕಿದರೆ ಓಟವೇ ಸತ್ತುಹೋಗುತ್ತದೆ. ಸ್ಲೈಡ್‌ನ ಪೂರ್ತಿ ಅಗಲಕ್ಕೆ, ಹತ್ತು ಸೆಂ.ಮೀ. ಎತ್ತರದ ಒಂದು ಪಟ್ಟಿಯಾಗಿ ಕತ್ತರಿಸಿ. ಪಕ್ಕದಲ್ಲಿ ಬಾಣ ಹಾಕಿ 'ಆನೆ', 'ಸಿಂಹ' ಅಂತ ಬರೆಯಿರಿ. ಬಾಣ, ಅಕ್ಷರ, ಫೋಟೊ ಎಲ್ಲವನ್ನೂ ಆರಿಸಿ ಕಂಟ್ರೋಲ್ ಜೊತೆ ಜಿ ಒತ್ತಿ ಗ್ರೂಪ್ ಮಾಡಿ. ಇಲ್ಲದಿದ್ದರೆ ಫೋಟೊ ಸರಿಸಿದಾಗ ಬಾಣ ಹಿಂದೆ ಉಳಿದು, ಆನೆಯ ಹೆಸರು ಸಿಂಹಕ್ಕೆ ಅಂಟಿಕೊಳ್ಳುತ್ತದೆ. ಗ್ರೂಪ್ ಆಗುತ್ತಿಲ್ಲ ಅಂದರೆ ಆ ಫೋಟೊ ಲೇಔಟ್‌ನ ಪ್ಲೇಸ್‌ಹೋಲ್ಡರ್ ಒಳಗೆ ಕೂತಿದೆ. ಪ್ಲೇಸ್‌ಹೋಲ್ಡರ್‌ನಲ್ಲಿರುವುದು ಗ್ರೂಪ್ ಆಗುವುದಿಲ್ಲ. 'ಟೈಟಲ್ ಓನ್ಲಿ' ಲೇಔಟ್‌ನಲ್ಲಿ ಹೊಸದಾಗಿ ಇನ್ಸರ್ಟ್ ಮಾಡಿ.

ಇದೇ ಪಟ್ಟಿಕೆಗೆ ಮಾರ್ಫ್ ಅನ್ನೋ ಟ್ರಾನ್ಸಿಷನ್ ಬಹಳ ಚೆನ್ನಾಗಿ ಹೊಂದುತ್ತದೆ. ಸ್ಲೈಡ್ ಅನ್ನು ಡೂಪ್ಲಿಕೇಟ್ ಮಾಡಿ. ಎರಡನೆಯದರಲ್ಲಿ ಗ್ರೂಪ್ ಬಿಡಿಸಿ ಬಾಣಗಳನ್ನು ಅಳಿಸಿ, ಅದೇ ಫೋಟೊವನ್ನು ಒಂದು ಆನೆ ಪರದೆ ತುಂಬುವಷ್ಟು ದೊಡ್ಡದು ಮಾಡಿ, ಮಾರ್ಫ್ ಹಾಕಿ. ಪಾಠ ಮಾಡುವಾಗ ಇಡೀ ಗೋಡೆಯಿಂದ ಒಂದು ಆನೆಯ ಹತ್ತಿರಕ್ಕೆ ನಡೆದುಹೋದಂತೆ ಕಾಣುತ್ತದೆ. ಮಾರ್ಫ್ ಇರುವುದು ಪವರ್‌ಪಾಯಿಂಟ್ 2019 ಮತ್ತು ಅದರ ನಂತರದವುಗಳಲ್ಲಿ. ಮಿಕ್ಕ ಹಾರುವ, ತಿರುಗುವ ಅನಿಮೇಷನ್‌ಗಳು ಬೇಡ. ಕಲ್ಲು ಹಾರಬಾರದು.

ಕಪ್ಪಗೆ ಕಾಣುವ ತೊಂದರೆ ಚೌಕಟ್ಟಿಗೆ ಸಂಬಂಧಿಸಿದ್ದಲ್ಲ, ಬೆಳಕಿನದ್ದು. ಬಳಪದ ಕಲ್ಲು ಮೊದಲೇ ಕಂದು ಬೂದು ಬಣ್ಣ. ಹಿಂದೆ ಬಿಳಿ ಆಕಾಶ ಇದ್ದರೆ ಮೊಬೈಲ್ ಆಕಾಶಕ್ಕೆ ತಕ್ಕಂತೆ ಬೆಳಕು ಇಳಿಸಿ ಶಿಲ್ಪವನ್ನು ಕತ್ತಲಿಗೆ ತಳ್ಳುತ್ತದೆ. ಕಿಟಕಿಗೆ ಪರದೆ ಇಲ್ಲದ ತರಗತಿಯ ಪ್ರೊಜೆಕ್ಟರ್‌ನಲ್ಲಿ ಅಷ್ಟಿಷ್ಟು ಕಾಣುತ್ತಿದ್ದ ಗೆರೆಗಳೂ ಮುಳುಗುತ್ತವೆ. ಪವರ್‌ಪಾಯಿಂಟ್‌ನ 'ಕರೆಕ್ಷನ್ಸ್'ನಲ್ಲಿ ಬ್ರೈಟ್‌ನೆಸ್ 20, ಕಾಂಟ್ರಾಸ್ಟ್ 20 ಏರಿಸಿ ನೋಡಬಹುದು. ಆದರೆ ಅದು ಆಕಾಶವನ್ನೂ ಜೊತೆಗೇ ಏರಿಸುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ಸ್ಲೈಡ್‌ಗೆ ಹಾಕುವ ಮೊದಲು ಮೊಬೈಲ್‌ನಲ್ಲೇ ಗೂಗಲ್ ಫೋಟೋಸ್ ಅಥವಾ ಸ್ನ್ಯಾಪ್‌ಸೀಡ್‌ನಲ್ಲಿ 'ಶ್ಯಾಡೋಸ್' ಪಟ್ಟಿಯನ್ನು ಏರಿಸುವುದು. ನೆರಳಿನ ಭಾಗ ಮಾತ್ರ ತಿಳಿಯಾಗುತ್ತದೆ, ಬಳೆಯ ಗೆರೆ, ಜಡೆಯ ಹೆಣಿಗೆ ಎದ್ದು ಬರುತ್ತದೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ನೋಡಿ ಇಷ್ಟು ಸಾಕು ಅಂದುಕೊಳ್ಳಬೇಡಿ. ಒಮ್ಮೆ ಆ ತರಗತಿಯಲ್ಲೇ, ಪಾಠ ಇರುವ ಹೊತ್ತಿನ ಬೆಳಕಲ್ಲೇ ಹಾಕಿ ನೋಡಿ. ಮುಂದಿನ ಸಲ ಫೋಟೊ ತೆಗೆಯುವಾಗ ಮೊಬೈಲ್ ಪರದೆಯಲ್ಲಿ ಶಿಲ್ಪದ ಮೇಲೆ ಬೆರಳು ತಟ್ಟಿ, ಆಮೇಲೆ ಕ್ಲಿಕ್ ಮಾಡಿ. ಬೆಳಕಿನ ಲೆಕ್ಕ ಶಿಲ್ಪಕ್ಕೆ ಹೊಂದಿಕೊಳ್ಳುತ್ತದೆ.

'ರಿಮೂವ್ ಬ್ಯಾಕ್‌ಗ್ರೌಂಡ್' ಬಳಸಿ ಮದನಿಕೆಯನ್ನು ಮಾತ್ರ ಬಿಡಿಸಿ ಇಡೋಣ ಅಂತ ಆಸೆಯಾಗಬಹುದು. ದಯವಿಟ್ಟು ಬೇಡ. ಹಿಂದಿನ ಕಲ್ಲು, ಮುಂದಿನ ಕಲ್ಲು ಒಂದೇ ಬಣ್ಣ. ಅದು ಬೆರಳು, ಬಳ್ಳಿ, ಆಭರಣದ ಅಂಚುಗಳನ್ನು ತಿಂದುಹಾಕುತ್ತದೆ. ಮೇಲಾಗಿ ಅವಳು ಕಂಬದಿಂದ ಸೂರಿಗೆ ಓರೆಯಾಗಿ ನಿಂತಿದ್ದಾಳೆ ಅನ್ನುವುದೂ ಪಾಠವೇ. ನಕ್ಷತ್ರಾಕಾರದ ತಳವಿನ್ಯಾಸದ ನಕ್ಷೆಗೆ ಮಾತ್ರ ಹಿನ್ನೆಲೆ ತೆಗೆಯುವುದು ಸರಿ. ಅದು ಬಿಳಿ ಮೇಲೆ ಕಪ್ಪು ಗೆರೆ. ಪಿಎನ್‌ಜಿ ಫೈಲ್ ಆಗಿದ್ದರೆ 'ಕಲರ್' ಮೆನುವಿನ 'ಸೆಟ್ ಟ್ರಾನ್ಸ್‌ಪರೆಂಟ್ ಕಲರ್' ಆರಿಸಿ ಬಿಳಿಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಸಾಕು. ಜೆಪೆಗ್ ಆಗಿದ್ದರೆ ಗೆರೆಗಳ ಸುತ್ತ ಕೊಳೆಯಂತೆ ಚುಕ್ಕಿಗಳು ಉಳಿಯುತ್ತವೆ. ಗೆರೆಚಿತ್ರಕ್ಕೆ ಪಿಎನ್‌ಜಿ, ಫೋಟೊಗೆ ಜೆಪೆಗ್ ಅಂತ ಇಟ್ಟುಕೊಳ್ಳಿ.

ಫೈಲ್ ತೂಕಕ್ಕೆ ಬರೋಣ. ಕಿಟಕಿಯಾಚೆಯ ಬಯಲು ಇಲ್ಲಿ ಮತ್ತೆ ಲೆಕ್ಕಕ್ಕೆ ಬರುತ್ತದೆ. ನೀವು ಕ್ರಾಪ್ ಮಾಡಿ ಮರೆಮಾಡಿದ ಭಾಗ ಫೈಲ್‌ನಲ್ಲಿ ಹಾಗೇ ಕೂತಿರುತ್ತದೆ. ಅರ್ಧ ಸ್ಲೈಡ್ ಅಗಲದ ಫೋಟೊಗೆ 1000 ಪಿಕ್ಸೆಲ್ ಸಾಕಾಗುವ ಕಡೆ 4000 ಪಿಕ್ಸೆಲ್ ಇದ್ದರೆ ಬೇಕಾದ್ದಕ್ಕಿಂತ ಹದಿನಾರು ಪಟ್ಟು ಹೊರೆ. ಯಾವ ಫೋಟೊ ಭಾರ ಅಂತ ತಿಳಿಯಲು ಒಂದು ದಾರಿ ಇದೆ. ಪವರ್‌ಪಾಯಿಂಟ್‌ನ ಪಿಪಿಟಿಎಕ್ಸ್ ಫೈಲ್ ಅಂದರೆ ಒಳಗೊಳಗೆ ಜಿಪ್ ಫೈಲೇ. ಅದರ ನಕಲು ಮಾಡಿ, ನಕಲಿನ ಹೆಸರಿನ ಕೊನೆಯಲ್ಲಿ ಜಿಪ್ ಅಂತ ಬದಲಿಸಿ ತೆರೆಯಿರಿ. 'ಪಿಪಿಟಿ' ಫೋಲ್ಡರ್ ಒಳಗೆ 'ಮೀಡಿಯಾ' ಅಂತ ಇನ್ನೊಂದು ಇರುತ್ತದೆ. ನಿಮ್ಮ ಎಲ್ಲ ಫೋಟೊಗಳೂ ಅಲ್ಲಿವೆ, ತೂಕದ ಸಮೇತ. ಮೂಲ ಫೋಟೊ ಕಳೆದುಹೋದವರಿಗೂ ಈ ಫೋಲ್ಡರ್ ಎಷ್ಟೋ ಸಲ ಆಸರೆಯಾಗುತ್ತದೆ.

ತೂಕ ಇಳಿಸಲು, ಮೊದಲು ಫೈಲ್ ಅನ್ನು ಬೇರೆ ಹೆಸರಲ್ಲಿ ಸೇವ್ ಮಾಡಿ. ಇದನ್ನು ಮಾತ್ರ ಬಿಡಬೇಡಿ. ಆಮೇಲೆ ಯಾವುದಾದರೂ ಫೋಟೊ ಆರಿಸಿ 'ಕಂಪ್ರೆಸ್ ಪಿಕ್ಚರ್ಸ್' ತೆರೆಯಿರಿ. 'ಅಪ್ಲೈ ಓನ್ಲಿ ಟು ದಿಸ್ ಪಿಕ್ಚರ್' ಟಿಕ್ ತೆಗೆಯಿರಿ, ಆಗ ಎಲ್ಲ ಫೋಟೊಗಳಿಗೂ ಅನ್ವಯ ಆಗುತ್ತದೆ. 'ಡಿಲೀಟ್ ಕ್ರಾಪ್ಡ್ ಏರಿಯಾಸ್' ಟಿಕ್ ಇರಲಿ. ರೆಸಲ್ಯೂಶನ್‌ನಲ್ಲಿ 150 ಪಿಪಿಐ, ಅಂದರೆ ಇಂಚಿಗೆ 150 ಪಿಕ್ಸೆಲ್, ಆರಿಸಿ. ಸ್ಲೈಡ್ ಅಗಲ 13.33 ಇಂಚು, ಅದರಲ್ಲಿ 1920 ಪಿಕ್ಸೆಲ್ ಹಂಚಿದರೆ ಇಂಚಿಗೆ 144 ಬರುತ್ತದೆ. ಹಾಗಾಗಿ ಫುಲ್ ಎಚ್‌ಡಿ ಪ್ರೊಜೆಕ್ಟರ್‌ಗೆ 150 ಧಾರಾಳ. ಕೆಳಗಿನ 96 ಮಸುಕಾಗಿ ಕಾಣಬಹುದು. ಇದು ಎಲ್ಲ ಕೆಲಸ ಮುಗಿದ ಮೇಲೆ ಮಾಡುವ ಕೆಲಸ. ಕಂಪ್ರೆಸ್ ಮಾಡಿದ ಮೇಲೆ ಹೋದ ಪಿಕ್ಸೆಲ್ ವಾಪಸ್ ಬರುವುದಿಲ್ಲ, ಕ್ರಾಪ್ ಸರಿಸಲೂ ಆಗುವುದಿಲ್ಲ. ಮೇಲ್ ಹೋಗದಿದ್ದುದಕ್ಕೆ ಕಾರಣ ಜಿಮೇಲ್‌ನ 25 ಎಂಬಿ ಮಿತಿ. ಇಷ್ಟು ಮಾಡಿದರೆ ನಿಮ್ಮ ಫೈಲ್ ಅದರೊಳಗೆ ಇಳಿಯುವ ಸಾಧ್ಯತೆಯೇ ಜಾಸ್ತಿ.

ಶಾಲೆಯ ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್ ಇದ್ದರೆ ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿದರೆ ಕ್ರಾಪ್, ಕಂಪ್ರೆಸ್ ಎರಡೂ ಸಿಗುತ್ತವೆ. ಗೂಗಲ್ ಸ್ಲೈಡ್ಸ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಕ್ರಾಪ್. ಅಲ್ಲಿ ಕಂಪ್ರೆಸ್ ಇಲ್ಲ, ಫೋಟೊಗಳನ್ನು ಮೊದಲೇ ಚಿಕ್ಕದು ಮಾಡಿ ಹಾಕಬೇಕು.

ಫೋಟೊ ಮೇಲಿನ ಕನ್ನಡ ಅಕ್ಷರಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. 'ನುಡಿ' ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದ ಹೆಸರುಗಳು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಚಿತ್ರವಿಚಿತ್ರ ಗುರುತುಗಳಾಗುತ್ತವೆ. ಇದಕ್ಕೆ ಹೆದರಿ ಕೆಲವರು ಅಕ್ಷರಗಳ ಸ್ಕ್ರೀನ್‌ಶಾಟ್ ತೆಗೆದು ಚಿತ್ರವಾಗಿ ಅಂಟಿಸುತ್ತಾರೆ. ಅದು ಮಸುಕಾಗುತ್ತದೆ, ತಿದ್ದಲೂ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಬರೆಯಿರಿ, ಈಗಿನ ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಯುಐ ಫಾಂಟ್ ಇಡಿ. ಅಕ್ಷರ ಕಲ್ಲಿನ ಮೇಲೆ ಕಾಣದಿದ್ದರೆ ಅದರ ಹಿಂದೆ ಒಂದು ಕಪ್ಪು ಪಟ್ಟಿ ಹಾಕಿ, ಟ್ರಾನ್ಸ್‌ಪರೆನ್ಸಿ 40 ಕೊಡಿ, ಅಕ್ಷರ ಬಿಳಿ ಮಾಡಿ.

ನಿಮ್ಮ ಹತ್ತಿರ ಇಲ್ಲದ ಫೋಟೊ ಬೇಕಾದರೆ ಗೂಗಲ್‌ನಲ್ಲಿ ಕಂಡದ್ದನ್ನು ಎತ್ತಿ ಹಾಕಬೇಡಿ. ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಈ ಮೂರೂ ದೇವಾಲಯಗಳ ಒಳ್ಳೆಯ ಫೋಟೊಗಳಿವೆ. ಪ್ರತಿ ಫೋಟೊದ ಪುಟದಲ್ಲಿ ತೆಗೆದವರ ಹೆಸರು, ಯಾವ ಲೈಸೆನ್ಸ್ ಅಂತ ಬರೆದಿರುತ್ತದೆ. ಎರಡನ್ನೂ ಫೋಟೊ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಯಿರಿ. ಮಕ್ಕಳು ತೆಗೆದ ಫೋಟೊ ಬಳಸಿದ್ದರೆ ಆ ಮಗುವಿನ ಹೆಸರನ್ನೂ ಅದೇ ರೀತಿ ಹಾಕಿ.